ಗಡಿ ದಾಟಿದರೆ ಯೂನಿಟ್ ದರ ಏಕೆ ಬದಲಾಗುತ್ತದೆ: ಭೂತಾನ್, ನೇಪಾಳ, ಬಾಂಗ್ಲಾದೇಶ, ಭಾರತದ ಕರೆಂಟ್ ಲೆಕ್ಕ

ಜುಲೈ ತಿಂಗಳಲ್ಲಿ ನೇಪಾಳ ಭಾರತಕ್ಕೆ ಕರೆಂಟ್ ಮಾರುತ್ತದೆ. ಜನವರಿಯಲ್ಲಿ, ನೇಪಾಳದ ಧಲ್ಕೇಬರ್ ಮತ್ತು ಬಿಹಾರದ ಮುಜಫ್ಫರ್‌ಪುರದ ನಡುವಿನ ಅದೇ ಮಾರ್ಗದಲ್ಲಿ, ಭಾರತದಿಂದ ಕೊಳ್ಳುತ್ತದೆ. ತಂತಿ ಅದೇ, ಹರಿಯುವ ದಿಕ್ಕು ಬೇರೆ, ದರವೂ ಬೇರೆ. ಭೂತಾನಿನ ಹಳ್ಳಿಮನೆಗೆ ತಿಂಗಳ ಮೊದಲ 100 ಯೂನಿಟ್ ಉಚಿತ. ಆದರೆ ಚಳಿಗಾಲ ಬಂದರೆ ಆ ದೇಶವೇ ಭಾರತದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಬಿಡ್ ಹಾಕಿ ಕರೆಂಟ್ ಕೊಳ್ಳಬೇಕಾಗುತ್ತದೆ. ಶ್ರೀಲಂಕಾದಲ್ಲಿ 2022ರ ಆಗಸ್ಟ್‌ನಲ್ಲಿ ದರ ಸರಾಸರಿ ಶೇ 75ರಷ್ಟು ಏರಿತು, 2023ರ ಫೆಬ್ರುವರಿಯಲ್ಲಿ ಮತ್ತೆ ಶೇ 66ರಷ್ಟು ಏರಿತು, 2025ರ ಜನವರಿಯಲ್ಲಿ ಶೇ 20ರಷ್ಟು ಇಳಿಯಿತು.

ಅಕ್ಕಪಕ್ಕದ ದೇಶಗಳ ನಡುವೆ ಇಷ್ಟು ಅಂತರ ಕಂಡಾಗ ಸಬ್ಸಿಡಿ ಕೊಡುವ ಸರ್ಕಾರ, ಕೊಡದ ಸರ್ಕಾರ ಎಂಬ ವಿವರಣೆ ಥಟ್ಟನೆ ಹೊಳೆಯುತ್ತದೆ. ಸಬ್ಸಿಡಿಯ ಪಾತ್ರ ಇದೆ, ಆದರೆ ಅದು ಬರುವುದು ಬಿಲ್ಲಿನ ಕೊನೆಯ ಹಂತದಲ್ಲಿ. ಅದಕ್ಕೂ ಬಹಳ ಮೊದಲೇ ದರದ ಬಹುಪಾಲು ತೀರ್ಮಾನವಾಗಿರುತ್ತದೆ. ಸ್ಥಾವರ ಕಟ್ಟಲು ಯಾರು, ಎಷ್ಟು ಬಡ್ಡಿಗೆ ಸಾಲ ಕೊಟ್ಟರು, ಇಂಧನದ ಹಣ ಯಾವ ಕರೆನ್ಸಿಯಲ್ಲಿ ಹೋಗುತ್ತದೆ, ಕರೆಂಟ್ ಬೇಕಾದದ್ದು ಯಾವ ಗಂಟೆಗೆ, ಮತ್ತು ಗಡಿಯ ತಂತಿ ಎಷ್ಟು ಹೊರುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಜಲವಿದ್ಯುತ್ತಿನಲ್ಲಿ ಬೆಲೆ ಎಂದರೆ ಹೆಚ್ಚುಕಡಿಮೆ ಸಾಲವೇ ಆಗಿರುವುದರಿಂದ ಅಲ್ಲಿಂದ ಶುರು ಮಾಡುವುದು ಒಳ್ಳೆಯದು.

ನೀರಿಗೆ ಬೆಲೆಯಿಲ್ಲ, ಸಾಲಕ್ಕಿದೆ

ಜಲವಿದ್ಯುತ್ ಸ್ಥಾವರಕ್ಕೆ ಇಂಧನದ ಖರ್ಚಿಲ್ಲ. ಸುರಂಗ, ಅಣೆಕಟ್ಟು, ಟರ್ಬೈನುಗಳಿಗೆ ಹಾಕಿದ ಬಂಡವಾಳ, ಅದರ ಬಡ್ಡಿ, ಸವಕಳಿ, ನಿರ್ವಹಣೆ ಇಷ್ಟನ್ನು ಉತ್ಪಾದನೆಯಾದ ಯೂನಿಟ್ಟುಗಳ ಮೇಲೆ ಹಂಚಿದರೆ ದರ ಬರುತ್ತದೆ. ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ. ಒಂದು ಮೆಗಾವ್ಯಾಟ್ ಸಾಮರ್ಥ್ಯಕ್ಕೆ 10 ಕೋಟಿ ರೂಪಾಯಿ ಖರ್ಚಾಯಿತು ಎನ್ನಿ. ನದಿಯ ಹರಿವನ್ನೇ ನಂಬಿದ ಸ್ಥಾವರ ವರ್ಷಕ್ಕೆ ತನ್ನ ಸಾಮರ್ಥ್ಯದ ಶೇ 45ರಷ್ಟು ಉತ್ಪಾದಿಸಿದರೆ ಆ ಒಂದು ಮೆಗಾವ್ಯಾಟಿನಿಂದ 39.4 ಲಕ್ಷ ಯೂನಿಟ್ ಸಿಗುತ್ತದೆ. ಬಂಡವಾಳದ ಶೇ 12ರಷ್ಟನ್ನು ವರ್ಷವರ್ಷ ವಸೂಲಿ ಮಾಡಬೇಕೆಂದರೆ 1.2 ಕೋಟಿ, ಯೂನಿಟ್‌ಗೆ ಸುಮಾರು 3.04 ರೂಪಾಯಿ. ಈಗ ಬಂಡವಾಳದ ಶೇ 60 ಅನುದಾನವಾಗಿ ಬಂತು, ಅದನ್ನು ತೀರಿಸಬೇಕಿಲ್ಲ ಎಂದುಕೊಳ್ಳಿ. ವಸೂಲಿ ಮಾಡಬೇಕಾದದ್ದು 4 ಕೋಟಿಯ ಮೇಲೆ ಮಾತ್ರ. ದರ 1.22 ರೂಪಾಯಿಗೆ ಇಳಿಯುತ್ತದೆ. ಅನುದಾನ ಶೇ 30 ಮಾತ್ರ ಆದರೆ 2.13 ರೂಪಾಯಿ. ನದಿ ಅದೇ, ಯಂತ್ರ ಅದೇ. ಬದಲಾದದ್ದು ಹಣದ ಮೂಲ ಮಾತ್ರ.

ಭೂತಾನಿನಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ. 1986–88ರಲ್ಲಿ ಚಾಲೂ ಆದ 336 ಮೆಗಾವ್ಯಾಟ್‌ನ ಚುಖಾ ಯೋಜನೆಗೆ ಭಾರತ ಶೇ 60 ಅನುದಾನ, ಶೇ 40 ಸಾಲ ಕೊಟ್ಟಿತ್ತು. ಬಡ್ಡಿ ಶೇ 5. 2006–07ರಲ್ಲಿ ಬಂದ 1,020 ಮೆಗಾವ್ಯಾಟ್‌ನ ತಾಲಾಕ್ಕೆ ಅನುದಾನದ ಪಾಲು ಅಷ್ಟೇ ಇತ್ತು, ಬಡ್ಡಿ ಶೇ 9ಕ್ಕೆ ಏರಿತ್ತು. 2019ರಲ್ಲಿ ಚಾಲೂ ಆದ 720 ಮೆಗಾವ್ಯಾಟ್‌ನ ಮಂಗದೆಛು ಹೊತ್ತಿಗೆ ಪಾಲು ತಿರುಗಿಬಿದ್ದಿತ್ತು: ಶೇ 30 ಅನುದಾನ, ಶೇ 70 ಸಾಲ, ಬಡ್ಡಿ ಶೇ 10. ಮಂಗದೆಛು ಕರೆಂಟಿಗೆ ಭಾರತ ಒಪ್ಪಿದ ದರ ಯೂನಿಟ್‌ಗೆ 4.12 ರೂಪಾಯಿ, ತಾಲಾದ ದರ ಆಗ ಅದರ ಅರ್ಧದ ಆಸುಪಾಸಿನಲ್ಲಿತ್ತು. ಒಂದೇ ದೇಶ, ಒಂದೇ ಹಿಮಾಲಯ, ಕೊಳ್ಳುವವರೂ ಒಬ್ಬರೇ. ಹಾಗಾಗಿ ‘ಜಲವಿದ್ಯುತ್ ಅಗ್ಗ’ ಎಂದು ಯಾರಾದರೂ ಹೇಳಿದರೆ ಯಾವ ವರ್ಷದ್ದು, ಯಾರ ಹಣದ್ದು ಎಂದು ಕೇಳಬೇಕು. ನಮ್ಮ ಶರಾವತಿಯ 1,035 ಮೆಗಾವ್ಯಾಟ್ ಇವತ್ತಿಗೂ ಯೂನಿಟ್‌ಗೆ ಒಂದು ರೂಪಾಯಿಗಿಂತ ಕಡಿಮೆಗೆ ಸಿಗುತ್ತಿರುವುದು ಅದರ ಸಾಲ ಎಂದೋ ತೀರಿರುವುದರಿಂದ. ಅಂಥದ್ದೇ ಸ್ಥಾವರವನ್ನು ಇಂದಿನ ಖರ್ಚಿನಲ್ಲಿ ಕಟ್ಟಿದರೆ ಆ ದರ ಕನಸಿನ ಮಾತು.

ಸಾಲದ ಲೆಕ್ಕವನ್ನು ಕೆಡಿಸುವುದು ವಿಳಂಬ. 1,200 ಮೆಗಾವ್ಯಾಟ್‌ನ ಪುನತ್ಸಾಂಗ್‌ಛು–1 ಯೋಜನೆ 2008ರಲ್ಲಿ ಶುರುವಾಯಿತು. 2013ರ ಜುಲೈನಲ್ಲಿ ಅಣೆಕಟ್ಟಿನ ಬಲದಂಡೆಯ ಗುಡ್ಡ ಜಾರಿತು. ಗುಡ್ಡವನ್ನು ಭದ್ರಪಡಿಸುವ ಕೆಲಸದಲ್ಲೇ ವರ್ಷಗಳು ಕಳೆದವು. ನಿರ್ಮಾಣ ನಿಂತರೂ ಬಡ್ಡಿ ನಿಲ್ಲುವುದಿಲ್ಲ. ಶೇ 10ರ ಚಕ್ರಬಡ್ಡಿಯಲ್ಲಿ ಸಾವಿರ ಕೋಟಿ ಹತ್ತು ವರ್ಷ ಆದಾಯವಿಲ್ಲದೆ ಕುಳಿತರೆ ಸುಮಾರು 2,600 ಕೋಟಿಯಾಗುತ್ತದೆ. ಆ ಹೆಚ್ಚುವರಿ ಮೊತ್ತವೂ ಕೊನೆಗೆ ಯೂನಿಟ್ ದರದೊಳಗೇ ಬಂದು ಕೂರುತ್ತದೆ. ಹಿಮಾಲಯದಂಥ ಎಳೆಯ, ಸಡಿಲ ಬಂಡೆಯ ಪರ್ವತದಲ್ಲಿ ಸುರಂಗ ಕೊರೆಯುವವರಿಗೆ ಇದು ಯೋಜನೆಯ ಮೊದಲ ದಿನದಿಂದಲೂ ಇರುವ ಅಪಾಯ.

ಡಾಲರಿನಲ್ಲಿ ಉರಿಯುವ ಇಂಧನ

ಬಾಂಗ್ಲಾದೇಶದ ಕತೆ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಬಹುಪಾಲು ಸಮತಟ್ಟು ನೆಲ, ಎತ್ತರದಿಂದ ಬೀಳುವ ನೀರು ಬಹಳ ಕಡಿಮೆ. ದಶಕಗಳ ಕಾಲ ದೇಶದ ಕರೆಂಟನ್ನು ನಡೆಸಿದ್ದು ಸ್ವಂತ ನೆಲದ ನೈಸರ್ಗಿಕ ಅನಿಲ. ಆ ಬಾವಿಗಳ ಇಳುವರಿ ಕುಗ್ಗುತ್ತಾ ಬಂದಂತೆ 2018ರಿಂದ ಹಡಗಿನಲ್ಲಿ ದ್ರವೀಕೃತ ಅನಿಲ ತರಿಸಿಕೊಳ್ಳುವುದು ಶುರುವಾಯಿತು. ಜೊತೆಗೆ ಆಮದು ಕಲ್ಲಿದ್ದಲು, ಫರ್ನೇಸ್ ಆಯಿಲ್. ಇವೆಲ್ಲಕ್ಕೂ ಡಾಲರಿನಲ್ಲೇ ಹಣ ಕೊಡಬೇಕು. ಗ್ರಾಹಕ ಕಟ್ಟುವುದು ಟಾಕಾದಲ್ಲಿ. 2022ರ ಆರಂಭದಲ್ಲಿ ಡಾಲರಿಗೆ ಸುಮಾರು 86 ಟಾಕಾ ಇತ್ತು. ಮೂರು ವರ್ಷದಲ್ಲಿ ಅದು 120 ದಾಟಿತು. ಯೂನಿಟ್‌ಗೆ 5 ಸೆಂಟ್ ಇಂಧನ ಖರ್ಚು ಎಂದಿಟ್ಟುಕೊಂಡರೆ ಮೊದಲು 4.30 ಟಾಕಾ ಆಗುತ್ತಿದ್ದದ್ದು 6 ಟಾಕಾ ಆಯಿತು. ಜಾಗತಿಕ ಮಾರುಕಟ್ಟೆಯಲ್ಲಿ ಕಲ್ಲಿದ್ದಲಿನ ಬೆಲೆ ಒಂದು ಪೈಸೆ ಏರದಿದ್ದರೂ ಇಷ್ಟು ಏರಿಕೆ.

ಶ್ರೀಲಂಕಾಕ್ಕೆ ಈ ಪೆಟ್ಟು ಇನ್ನೂ ಜೋರಾಗಿ ಬಿತ್ತು. 2022ರ ಕೆಲವೇ ವಾರಗಳಲ್ಲಿ ಡಾಲರಿಗೆ 200ರ ಸುತ್ತ ಇದ್ದ ಅಲ್ಲಿನ ರೂಪಾಯಿ 360ರ ಹತ್ತಿರ ಹೋಯಿತು. ನೊರೊಚ್ಚೋಲೈನ 900 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರಕ್ಕೂ, ಬರಗಾಲದಲ್ಲಿ ಜಲಾಶಯಗಳು ಬತ್ತಿದಾಗ ಓಡಿಸುವ ಡೀಸೆಲ್ ಸ್ಥಾವರಗಳಿಗೂ ಇಂಧನ ಹೊರಗಿನಿಂದಲೇ ಬರಬೇಕು. ವರ್ಷಗಟ್ಟಲೆ ತಡೆಹಿಡಿದ ದರ, ಕುಸಿದ ಕರೆನ್ಸಿ ಎರಡೂ ಒಟ್ಟಿಗೆ ಲೆಕ್ಕಕ್ಕೆ ಬಂದಾಗಲೇ ಶೇ 75, ಶೇ 66ರ ಏರಿಕೆಗಳಾದದ್ದು. ಭೂತಾನಿನಲ್ಲಿ ಹೀಗಾಗದಿರಲು ಕಾರಣ, ಅದರ ಜಲವಿದ್ಯುತ್ ಸಾಲದ ಬಹುಪಾಲು ಭಾರತದ ರೂಪಾಯಿಯಲ್ಲಿದೆ, ಮಾರಾಟವೂ ರೂಪಾಯಿಯಲ್ಲೇ, ಜೊತೆಗೆ ಅಲ್ಲಿನ ಕರೆನ್ಸಿ ನುಲ್ಟ್ರಮ್ ನಮ್ಮ ರೂಪಾಯಿಗೆ ಒಂದಕ್ಕೊಂದು ಸಮ. ನೇಪಾಳಿ ರೂಪಾಯಿಯೂ 1993ರಿಂದ ಭಾರತದ ರೂಪಾಯಿಗೆ 1.60ರ ಲೆಕ್ಕದಲ್ಲಿ ನಿಂತಿದೆ.

ಭಾರತಕ್ಕೆ ಸ್ವಂತ ಕಲ್ಲಿದ್ದಲಿರುವುದರಿಂದ ಡಾಲರಿನ ಬಿಸಿ ಕಡಿಮೆ. ಆದರೆ ಇಲ್ಲಿ ದೂರಕ್ಕೆ ಬೆಲೆ ಇದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ದೇಶೀ ಕಲ್ಲಿದ್ದಲು ಬೇಕು. ಗಣಿಯ ಪಕ್ಕದಲ್ಲೇ ಇರುವ ಸಿಂಗ್ರೌಲಿ ಪ್ರದೇಶದ ಸ್ಥಾವರಗಳಿಗೆ ಸಾಗಣೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ರಾಯಚೂರಿನ ಸ್ಥಾವರಕ್ಕೆ ಒಡಿಶಾದ ಗಣಿಯಿಂದಲೂ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ಟನ್ನಿಗೆ 1,500 ರೂಪಾಯಿ ಸಾಗಣೆ ಎಂದು ಹಿಡಿದರೆ ಯೂನಿಟ್ ಮೇಲೆ 1.05 ರೂಪಾಯಿ ಬರೀ ರೈಲಿಗೇ ಹೋಯಿತು. ಒಂದೇ ದೇಶದೊಳಗೆ ರಾಜ್ಯರಾಜ್ಯಗಳ ನಡುವೆ ದರ ಬೇರೆಯಾಗಲು ಇದೂ ಒಂದು ಕಾರಣ.

ಇಂಧನದ ಬೆನ್ನಿಗೇ ಬರುವುದು ಸಾಮರ್ಥ್ಯ ಶುಲ್ಕ. ದಕ್ಷಿಣ ಏಷ್ಯಾದ ದರಗಳ ಬಗ್ಗೆ ಜನಕ್ಕೆ ಅತಿ ಕಡಿಮೆ ತಿಳಿದಿರುವ ಭಾಗ ಇದೇ, ಹೆಚ್ಚು ನೋಯಿಸುವುದೂ ಇದೇ. ಖಾಸಗಿ ಸ್ಥಾವರದೊಂದಿಗೆ 20–25 ವರ್ಷದ ಖರೀದಿ ಒಪ್ಪಂದವಾದಾಗ ದರ ಎರಡು ತುಂಡಾಗಿರುತ್ತದೆ. ಇಂಧನ ಶುಲ್ಕ ಕರೆಂಟ್ ತೆಗೆದುಕೊಂಡಷ್ಟಕ್ಕೆ ಮಾತ್ರ. ಸಾಮರ್ಥ್ಯ ಶುಲ್ಕ ಮಾತ್ರ ಸ್ಥಾವರ ಓಡಲು ಸಿದ್ಧವಾಗಿದ್ದರೆ ಸಾಕು, ಕೊಡಲೇಬೇಕು. ನೆಂಟರು ಬರಲಿ ಬಿಡಲಿ ಕಲ್ಯಾಣ ಮಂಟಪದ ಬಾಡಿಗೆ ಕಟ್ಟಿದ ಹಾಗೆ. ಶೇ 85ರಷ್ಟು ಓಡುವಾಗ ಯೂನಿಟ್‌ಗೆ 2 ರೂಪಾಯಿ ಬೀಳುವ ಸಾಮರ್ಥ್ಯ ಶುಲ್ಕ, ಅದೇ ಸ್ಥಾವರ ಶೇ 50ರಷ್ಟೇ ಓಡಿದರೆ 3.40 ರೂಪಾಯಿಯಾಗುತ್ತದೆ.

2024ರ ಏಪ್ರಿಲ್ 30ರಂದು ಬಾಂಗ್ಲಾದೇಶ 16,477 ಮೆಗಾವ್ಯಾಟ್ ಉತ್ಪಾದಿಸಿ ಅಲ್ಲಿಯವರೆಗಿನ ದಾಖಲೆ ಮಾಡಿತು. ಆಗ ಸ್ಥಾಪಿತ ಸಾಮರ್ಥ್ಯ 26,000 ಮೆಗಾವ್ಯಾಟ್ ಮೀರಿತ್ತು. ರಿಪೇರಿಗೆ, ಮೀಸಲಿಗೆ ಒಂದಿಷ್ಟು ಹೆಚ್ಚುವರಿ ಬೇಕೇ ಬೇಕು. ಆದರೆ ಇಷ್ಟು ಅಂತರವಿದ್ದಾಗ ಓಡದ ಸ್ಥಾವರಗಳ ಬಾಡಿಗೆ ಓಡುವ ಯೂನಿಟ್ಟುಗಳ ಮೇಲೆ ಬೀಳುತ್ತದೆ. ಪಾಕಿಸ್ತಾನದಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಅಲ್ಲಿನ ಖಾಸಗಿ ಸ್ಥಾವರಗಳ ಸಾಮರ್ಥ್ಯ ಶುಲ್ಕದ ದೊಡ್ಡ ಭಾಗ ಡಾಲರಿಗೆ ಕಟ್ಟಿಹಾಕಿದ್ದು, ರೂಪಾಯಿ ಕುಸಿದಾಗ ಅದೂ ಉಬ್ಬಿತು. ದರ ತಾಳಲಾರದೆ ಜನ ಚಾವಣಿಗೆ ಸೋಲಾರ್ ಹಾಕಿಸಿಕೊಂಡರು; 2024ರ ಒಂದೇ ವರ್ಷದಲ್ಲಿ ಆ ದೇಶ ಸುಮಾರು 17 ಗಿಗಾವ್ಯಾಟ್‌ನಷ್ಟು ಫಲಕಗಳನ್ನು ತರಿಸಿಕೊಂಡಿತು. ಗ್ರಿಡ್‌ನಿಂದ ಕೊಳ್ಳುವ ಯೂನಿಟ್ ಕಡಿಮೆಯಾಯಿತು, ಬಾಡಿಗೆ ಅಷ್ಟೇ ಉಳಿಯಿತು. ಸೋಲಾರ್ ಹಾಕಿಸಲು ಕೈಯಲ್ಲಿ ಕಾಸಿಲ್ಲದ ಮನೆಗಳ ಮೇಲೆ ಆ ಭಾರ ಬೀಳುತ್ತಿರುವುದು ಅನ್ಯಾಯ. ಇದನ್ನು ಸರಿಪಡಿಸಲು ಒಪ್ಪಂದಗಳನ್ನೇ ಮತ್ತೆ ಬರೆಯಬೇಕು, ಬರೀ ದರ ಕಡಿತದ ಘೋಷಣೆಯಿಂದ ಆಗುವುದಿಲ್ಲ.

ಗೊಡ್ಡಾ ಸ್ಥಾವರದ ಉದಾಹರಣೆಯಲ್ಲಿ ಈ ಎರಡು ಎಳೆಯೂ ಸೇರಿವೆ. ಜಾರ್ಖಂಡ್‌ನಲ್ಲಿರುವ ಅದಾನಿ ಕಂಪನಿಯ ಈ 1,600 ಮೆಗಾವ್ಯಾಟ್ ಸ್ಥಾವರ 2017ರ ಒಪ್ಪಂದದಂತೆ 25 ವರ್ಷ ಬಾಂಗ್ಲಾದೇಶಕ್ಕೆಂದೇ ಕಟ್ಟಿದ್ದು. 2023ರಲ್ಲಿ ಪೂರ್ತಿಯಾಗಿ ಚಾಲೂ ಆಯಿತು. ಜಾರ್ಖಂಡ್ ಕಲ್ಲಿದ್ದಲಿನ ನಾಡು. ಆದರೂ ಸ್ಥಾವರ ನಡೆಯುವುದು ಆಮದು ಕಲ್ಲಿದ್ದಲಿನಲ್ಲಿ, ಬೆಲೆ ಕಟ್ಟುವುದು ಅಂತರರಾಷ್ಟ್ರೀಯ ಸೂಚ್ಯಂಕದ ಮೇಲೆ. ಹಾಗಾಗಿ ಭಾರತದ ನೆಲದಲ್ಲಿ ಹುಟ್ಟಿದ ಕರೆಂಟ್ ಎಂದ ಮಾತ್ರಕ್ಕೆ ಭಾರತದ ದರ ಅದಕ್ಕೆ ಅಂಟುವುದಿಲ್ಲ.

ಯಾವ ಗಂಟೆಯ ಕರೆಂಟ್?

ಭಾರತದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಮರುದಿನದ ಕರೆಂಟ್ ಹೇಗೆ ಮಾರಾಟವಾಗುತ್ತದೆ ಎಂದು ತಿಳಿದರೆ ನೇಪಾಳ, ಭೂತಾನಿನ ವ್ಯಾಪಾರದ ಅರ್ಧ ಗುಟ್ಟು ಬಿಚ್ಚಿಕೊಳ್ಳುತ್ತದೆ. ದಿನವನ್ನು 15 ನಿಮಿಷದ 96 ತುಂಡುಗಳಾಗಿ ಹಂಚಿರುತ್ತಾರೆ. ಬೆಳಿಗ್ಗೆ 10ರಿಂದ ಮಧ್ಯಾಹ್ನ 12ರೊಳಗೆ ಮಾರುವವರು, ಕೊಳ್ಳುವವರು ಮರುದಿನದ ಪ್ರತಿ ತುಂಡಿಗೂ ಎಷ್ಟು ಮೆಗಾವ್ಯಾಟ್, ಯಾವ ದರಕ್ಕೆ ಎಂದು ಬಿಡ್ ಹಾಕುತ್ತಾರೆ. ಮಾರುವವರ ಬಿಡ್‌ಗಳನ್ನು ಕಡಿಮೆ ದರದಿಂದ ಮೇಲಕ್ಕೆ ಜೋಡಿಸಲಾಗುತ್ತದೆ; ಕೊಳ್ಳುವವರದ್ದನ್ನು ಹೆಚ್ಚು ದರದಿಂದ ಕೆಳಕ್ಕೆ. ಎರಡೂ ಗೆರೆ ಕೂಡುವ ಜಾಗದ ದರ ಆ ತುಂಡಿನ ಎಲ್ಲರಿಗೂ ಅನ್ವಯ.

ಒಂದು ತುಂಡಿನಲ್ಲಿ ಸೋಲಾರ್ 1 ರೂಪಾಯಿಗೆ, ಗಣಿ ಪಕ್ಕದ ಸ್ಥಾವರ 2.50ಕ್ಕೆ, ದೂರದ ಕಲ್ಲಿದ್ದಲು ಸ್ಥಾವರ 4.50ಕ್ಕೆ, ಅನಿಲ ಸ್ಥಾವರ 9 ರೂಪಾಯಿಗೆ ಬಿಡ್ ಹಾಕಿವೆ ಎನ್ನಿ. ಬೇಡಿಕೆ ಮೂರನೆಯವರ ತನಕ ಮುಟ್ಟಿದರೆ ಎಲ್ಲರಿಗೂ 4.50. ಬೇಡಿಕೆ ಇನ್ನೊಂದಿಷ್ಟು ಏರಿ ಅನಿಲವೂ ಬೇಕಾಯಿತೆಂದರೆ ಸೋಲಾರಿನವರಿಗೂ 9 ರೂಪಾಯಿ. ದರವನ್ನು ತೀರ್ಮಾನಿಸುವುದು ಸರಾಸರಿ ಖರ್ಚಲ್ಲ, ಕೊನೆಗೆ ಸೇರಿಕೊಂಡ ದುಬಾರಿ ಸ್ಥಾವರ. ಆದ್ದರಿಂದಲೇ ಮಧ್ಯಾಹ್ನ ಸೋಲಾರ್ ತುಂಬಿದಾಗ ದರ ನೆಲಕ್ಕೆ ಬೀಳುತ್ತದೆ. ಬೇಸಿಗೆಯ ಸಂಜೆ 7ರ ಮೇಲೆ ಅದು ನಿಯಂತ್ರಣ ಆಯೋಗ ಹಾಕಿರುವ 10 ರೂಪಾಯಿಯ ಮಿತಿಗೆ ಹೋಗಿ ತಾಗುತ್ತದೆ.

ಈಗ ನೇಪಾಳದ ಕಡೆಯಿಂದ ನೋಡಿ. ಅಲ್ಲಿನ ಸ್ಥಾವರಗಳಲ್ಲಿ ಹೆಚ್ಚಿನವು ನದಿಯ ಹರಿವಿನವು. ಹೇಳಿಕೊಳ್ಳುವಂಥ ಜಲಾಶಯ ಇರುವುದು ಕುಲೇಖಾನಿಯಲ್ಲಿ, ಅದರ ಮೂರೂ ಹಂತ ಸೇರಿದರೆ 106 ಮೆಗಾವ್ಯಾಟ್. ಮಳೆಗಾಲದಲ್ಲಿ ನೀರು ಉಕ್ಕುತ್ತದೆ, ಕರೆಂಟ್ ಮಿಗುತ್ತದೆ. ಚಳಿಗಾಲದಲ್ಲಿ ಹಿಮ ಕರಗುವುದಿಲ್ಲ, ನದಿ ಸೊರಗುತ್ತದೆ, ಉತ್ಪಾದನೆ ಮೂರನೇ ಒಂದು ಭಾಗದ ಕಡೆಗೆ ಇಳಿಯುತ್ತದೆ. ಭೂತಾನಿನಲ್ಲಿ ಇಳಿತ ಇನ್ನೂ ಹೆಚ್ಚು, ಸುಮಾರು ಐದನೇ ಒಂದು ಭಾಗಕ್ಕೆ. ಈ ಏರಿಳಿತವನ್ನು ನೇಪಾಳದ ಖರೀದಿ ಒಪ್ಪಂದದಲ್ಲೇ ಬರೆದಿಟ್ಟಿದ್ದಾರೆ: ಹರಿವಿನ ಸ್ಥಾವರಕ್ಕೆ ಮಳೆಗಾಲದ ಯೂನಿಟ್‌ಗೆ 4.80 ನೇಪಾಳಿ ರೂಪಾಯಿ, ಒಣಗಾಲದ ಯೂನಿಟ್‌ಗೆ 8.40. ನಮ್ಮ ಲೆಕ್ಕದಲ್ಲಿ 3 ರೂಪಾಯಿ, 5.25 ರೂಪಾಯಿ. ಜಲಾಶಯವಿದ್ದು ಬೇಕೆಂದಾಗ ನೀರು ಬಿಡಬಲ್ಲ ಸ್ಥಾವರಕ್ಕೆ ಒಣಗಾಲದಲ್ಲಿ 12.40 ನೇಪಾಳಿ ರೂಪಾಯಿ ಕೊಡುತ್ತಾರೆ. ಒಂದೇ ದೇಶ, ಒಂದೇ ಖರೀದಿದಾರ ಸಂಸ್ಥೆ. ಕಾದಿಟ್ಟುಕೊಳ್ಳಬಲ್ಲ ನೀರಿಗೆ ಮಳೆಗಾಲದ ಹರಿವಿನ ಎರಡೂವರೆ ಪಟ್ಟಿಗೂ ಮಿಕ್ಕಿ ಬೆಲೆ.

ಮಾರಾಟದಲ್ಲಿ ತೊಡಕು ಬರುವುದೂ ಇಲ್ಲೇ. ನೇಪಾಳದಲ್ಲಿ ಮಿಗುವುದು ಜೂನ್‌ನಿಂದ ನವೆಂಬರ್ ತನಕ. ಆಗ ಭಾರತದಲ್ಲೂ ಮಳೆ, ಪಂಪ್‌ಸೆಟ್ಟುಗಳ ಬೇಡಿಕೆ ಇಳಿದಿರುತ್ತದೆ, ಗಾಳಿ ವಿದ್ಯುತ್ ಏರಿರುತ್ತದೆ. ಹಗಲು ಹೊತ್ತು ದರ ಚೆನ್ನಾಗಿ ಸಿಗುವುದಿಲ್ಲ. ಸಂಜೆಯ ದುಬಾರಿ ಹೊತ್ತಿಗೆ ಮಾರೋಣವೆಂದರೆ ನೀರು ಹಿಡಿದಿಡಲು ಜಾಗ ಬೇಕು. 456 ಮೆಗಾವ್ಯಾಟ್‌ನ ಅಪ್ಪರ್ ತಾಮಾಕೋಶಿಯಂಥ ದೊಡ್ಡ ಸ್ಥಾವರಕ್ಕೂ ಇರುವುದು ನಾಲ್ಕು ಗಂಟೆಯ ಮಟ್ಟಿಗೆ ನೀರು ನಿಲ್ಲಿಸುವ ಕೊಳ. ಅಂಥ ಕೊಳ ಒಣಗಾಲದಲ್ಲಿ ಉಪಯೋಗಕ್ಕೆ ಬರುತ್ತದೆ. ಮಳೆಗಾಲದಲ್ಲಿ ಹರಿವೇ ಯಂತ್ರದ ಅಳತೆ ಮೀರಿರುವಾಗ ಹಿಡಿದಿಡುವ ಮಾತೇ ಇಲ್ಲ, ಇಪ್ಪತ್ನಾಲ್ಕು ಗಂಟೆಯೂ ಓಡಿಸಿ ಸಿಕ್ಕ ದರಕ್ಕೆ ಕೊಡಬೇಕು. ಜನವರಿಯಲ್ಲಿ ವಾಪಸ್ ಕೊಳ್ಳುವಾಗ ಮಾತ್ರ ಕಲ್ಲಿದ್ದಲು ಸ್ಥಾವರ ನಿರ್ಧರಿಸಿದ ದರ ಕಟ್ಟಬೇಕು.

ತಂತಿ ಎಷ್ಟು ಅಗಲವೋ ಅಷ್ಟೇ ಸಮಾನತೆ

ಎರಡು ಕಡೆ ದರ ಬೇರೆ ಇದ್ದರೆ ಅಗ್ಗದ ಕಡೆಯಿಂದ ದುಬಾರಿ ಕಡೆಗೆ ಸರಕು ಹರಿದು ದರ ಸಮವಾಗಬೇಕು. ಕರೆಂಟಿನಲ್ಲೂ ಹಾಗೆಯೇ ಆಗುತ್ತದೆ, ಆದರೆ ತಂತಿ ತುಂಬುವ ತನಕ ಮಾತ್ರ. ಇದನ್ನು ನೋಡಲು ಗಡಿ ದಾಟುವುದೇ ಬೇಡ. 2013ರ ಕೊನೆಯವರೆಗೆ ದಕ್ಷಿಣ ಭಾರತದ ಗ್ರಿಡ್ ದೇಶದ ಉಳಿದ ಗ್ರಿಡ್‌ನಿಂದ ಬೇರೆಯಾಗಿಯೇ ಇತ್ತು. ನಡುವೆ ಇದ್ದದ್ದು ಕೆಲವೇ ಎಚ್‌ವಿಡಿಸಿ, ಅಂದರೆ ಹೆಚ್ಚು ವೋಲ್ಟೇಜಿನ ಡಿಸಿ ಕರೆಂಟಿನ, ಕೊಂಡಿಗಳು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗ ಚಾಲೂ ಆಗಿ ಇಡೀ ದೇಶ ಒಂದೇ ಆವರ್ತನದ ಗ್ರಿಡ್ ಆಯಿತು. ಅದಕ್ಕೂ ಮುಂಚೆ, ಆಮೇಲೂ ಕೆಲ ವರ್ಷ, ವಿನಿಮಯ ಕೇಂದ್ರದಲ್ಲಿ ದಕ್ಷಿಣದ ದರ ಉತ್ತರ, ಪಶ್ಚಿಮಕ್ಕಿಂತ ಮೇಲೆ ಇರುತ್ತಿತ್ತು. ಛತ್ತೀಸಗಡದಲ್ಲಿ ಅಗ್ಗದ ಕರೆಂಟ್ ಮಿಕ್ಕಿದ್ದರೂ ಕರ್ನಾಟಕ, ತಮಿಳುನಾಡಿಗೆ ತರುವ ದಾರಿ ತುಂಬಿಹೋಗಿತ್ತು. ದಾರಿ ತುಂಬಿದ ಕ್ಷಣ ಮಾರುಕಟ್ಟೆ ಎರಡಾಗಿ ಸೀಳುತ್ತದೆ: ಆಚೆ ಕಡೆಯ ದರ ಅಲ್ಲಿನ ಕೊನೆಯ ಸ್ಥಾವರದ್ದು, ಈಚೆ ಕಡೆಯದ್ದು ಇಲ್ಲಿನ ಕೊನೆಯ ಸ್ಥಾವರದ್ದು. ಹೊಸ ಮಾರ್ಗಗಳು ಒಂದೊಂದಾಗಿ ಬಂದಂತೆ ಆ ಅಂತರ ಬಹುಮಟ್ಟಿಗೆ ಅಳಿಸಿತು. ರಾಜಕೀಯ ಗಡಿ ಇಲ್ಲದೆಯೂ ದರದ ಗಡಿ ಇರಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಬಾಂಗ್ಲಾದೇಶದ ಗ್ರಿಡ್ ಇವತ್ತಿಗೂ ಹಾಗೆ ಬೇರೆಯಾಗಿಯೇ ಇದೆ. ಪಶ್ಚಿಮ ಬಂಗಾಳದ ಬಹರಾಂಪುರದಿಂದ ಬಾಂಗ್ಲಾದೇಶದ ಭೇರಾಮಾರಾಕ್ಕೆ ಹೋಗುವ ಕರೆಂಟ್ ಅಲ್ಲಿ ಎಸಿಯಿಂದ ಡಿಸಿಗೆ, ಮತ್ತೆ ಡಿಸಿಯಿಂದ ಎಸಿಗೆ ಬದಲಾಗಿ ಒಳಹೊಗುತ್ತದೆ. 2013ರಲ್ಲಿ 500 ಮೆಗಾವ್ಯಾಟ್‌ನಿಂದ ಶುರುವಾದ ಈ ಕೊಂಡಿ 2018ರಲ್ಲಿ 1,000 ಮೆಗಾವ್ಯಾಟ್ ಆಯಿತು. ಅದರ ಮೇಲೆ ಒಂದು ಮೆಗಾವ್ಯಾಟ್ ಬೇಕೆಂದರೂ ಪರಿವರ್ತಕ ಯಂತ್ರದ ಮತ್ತೊಂದು ಘಟಕವನ್ನೇ ಕಟ್ಟಬೇಕು.

ನೇಪಾಳ ಮತ್ತು ಬಾಂಗ್ಲಾದೇಶದ ನಡುವಿನ 40 ಮೆಗಾವ್ಯಾಟ್ ವ್ಯಾಪಾರ ಚಿಕ್ಕದು, ಆದರೆ ಗಡಿಯಾಚೆಯ ದರ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಇಷ್ಟು ಸ್ವಚ್ಛವಾಗಿ ತೋರಿಸುವ ಇನ್ನೊಂದು ಉದಾಹರಣೆ ಸಿಗದು. ಎರಡೂ ದೇಶಗಳ ನಡುವೆ ಭಾರತದ ನೆಲದ ಕಿರಿದಾದ ಪಟ್ಟಿ ಇದೆ. 2024ರ ಅಕ್ಟೋಬರ್ 3ರಂದು ಕಠ್ಮಂಡುವಿನಲ್ಲಿ ಎರಡೂ ದೇಶಗಳ ವಿದ್ಯುತ್ ಸಂಸ್ಥೆಗಳು ಮತ್ತು ಭಾರತದ ಎನ್‌ಟಿಪಿಸಿ ವಿದ್ಯುತ್ ವ್ಯಾಪಾರ ನಿಗಮ ಸೇರಿ ತ್ರಿಪಕ್ಷೀಯ ಒಪ್ಪಂದಕ್ಕೆ ಸಹಿ ಹಾಕಿದವು. ಐದು ವರ್ಷ, ಪ್ರತಿ ವರ್ಷ ಜೂನ್ 15ರಿಂದ ನವೆಂಬರ್ 15ರವರೆಗೆ, ಯೂನಿಟ್‌ಗೆ 6.4 ಅಮೆರಿಕನ್ ಸೆಂಟ್. ಆ ವರ್ಷ ನವೆಂಬರ್ 15ರಂದು ಒಂದು ದಿನದ ಮಟ್ಟಿಗೆ ಕರೆಂಟ್ ಹರಿಯಿತು. ನಿಯಮಿತ ಪೂರೈಕೆ 2025ರ ಜೂನ್‌ನಲ್ಲಿ ಶುರುವಾಯಿತು.

ಲೆಕ್ಕ ಬಿಡಿಸೋಣ. 40 ಮೆಗಾವ್ಯಾಟ್ ಐದು ತಿಂಗಳು ಎಡೆಬಿಡದೆ ಹರಿದರೆ ಸುಮಾರು 14.4 ಕೋಟಿ ಯೂನಿಟ್. ನೇಪಾಳಕ್ಕೆ ವರ್ಷಕ್ಕೆ ಸುಮಾರು 92 ಲಕ್ಷ ಡಾಲರ್. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ಯೂನಿಟ್‌ಗೆ 5.44 ರೂಪಾಯಿ. ನೇಪಾಳದ ವಿದ್ಯುತ್ ಪ್ರಾಧಿಕಾರ ಮಳೆಗಾಲದಲ್ಲಿ ತನ್ನ ಉತ್ಪಾದಕರಿಗೆ ಕೊಡುವುದು ಆಗಲೇ ಹೇಳಿದ 3 ರೂಪಾಯಿ. ಮುಜಫ್ಫರ್‌ಪುರದ ಮೀಟರ್‌ವರೆಗಿನ ಸೋರಿಕೆ ನೇಪಾಳದ ತಲೆಗೆ. ಅಲ್ಲಿಂದ ಮುಂದೆ ಭಾರತದ ಮಾರ್ಗಗಳ ಪ್ರಸರಣ ಶುಲ್ಕ, ಮಧ್ಯವರ್ತಿ ನಿಗಮದ ಲಾಭಾಂಶ ಬಾಂಗ್ಲಾದೇಶದ ತಲೆಗೆ. ಡಾಲರಿಗೆ 120 ಟಾಕಾದಂತೆ 7.68 ಟಾಕಾ, ಅದರ ಮೇಲೆ ಈ ಶುಲ್ಕಗಳು. ಹಾಗಾದರೂ ಎಣ್ಣೆ ಸುಟ್ಟು ತೆಗೆಯುವ ಕರೆಂಟಿಗಿಂತ ಇದು ಬಹಳ ಅಗ್ಗ. ಹೀಗೆ ಮೂರೂ ಕಡೆಯವರಿಗೆ ಲಾಭವಿರುವ ವ್ಯಾಪಾರ 40 ಮೆಗಾವ್ಯಾಟ್‌ಗೆ ನಿಂತಿರುವುದು ನೇಪಾಳದಲ್ಲಿ ಕರೆಂಟ್ ಇಲ್ಲದೆ ಅಲ್ಲ, ಬಹರಾಂಪುರದ ಕೊಂಡಿಯಲ್ಲಿ ಜಾಗ ಸಾಲದೆ.

ತಂತಿಯ ಜೊತೆಗೆ ನಿಯಮವೂ ದಾರಿಯನ್ನು ಕಿರಿದಾಗಿಸುತ್ತದೆ. ನೇಪಾಳದ ಕರೆಂಟ್ ಭಾರತಕ್ಕೆ ಬರಲು ಸ್ಥಾವರ ಸ್ಥಾವರಕ್ಕೂ ಪ್ರತ್ಯೇಕ ಅನುಮತಿ ಬೇಕು. 2021ರ ನವೆಂಬರ್‌ನಲ್ಲಿ ತ್ರಿಶೂಲಿ, ದೇವೀಘಾಟ್ ಎರಡು ಸ್ಥಾವರಗಳ 39 ಮೆಗಾವ್ಯಾಟ್‌ನಿಂದ ಆರಂಭವಾಗಿ ಒಂದೊಂದಾಗಿ ಪಟ್ಟಿ ಬೆಳೆಯಿತು. ಚೀನಾದ ಹೂಡಿಕೆ ಅಥವಾ ಗುತ್ತಿಗೆಯಿರುವ ಯೋಜನೆಯ ಕರೆಂಟನ್ನು ಭಾರತ ಕೊಳ್ಳುವುದಿಲ್ಲ. 456 ಮೆಗಾವ್ಯಾಟ್‌ನ ಅಪ್ಪರ್ ತಾಮಾಕೋಶಿಗೆ ಈ ಬಾಗಿಲು ಮುಚ್ಚಿರುವುದು ಹಾಗೆ. ಅದರ ಕರೆಂಟ್ ದೇಶದೊಳಗೇ ಖರ್ಚಾಗಬೇಕು. ಶ್ರೀಲಂಕಾಕ್ಕೆ ತಂತಿಯೇ ಇಲ್ಲ. ಪಾಕ್ ಜಲಸಂಧಿಯ ಅಡಿಯಲ್ಲಿ ಕೇಬಲ್ ಹಾಕುವ ಮಾತು ದಶಕಗಳಿಂದ ನಡೆದಿದೆ. ಅಲ್ಲಿಯವರೆಗೆ ದ್ವೀಪಕ್ಕೆ ಬೇಕಾದ ಮೀಸಲನ್ನೆಲ್ಲ ದ್ವೀಪವೇ ಸಾಕಿಕೊಳ್ಳಬೇಕು, ಆ ಖರ್ಚೂ ದರದಲ್ಲಿ ಸೇರಬೇಕು.

ಮೀಟರ್ ತನಕ ಬರುವಷ್ಟರಲ್ಲಿ

ಸಗಟು ದರ ಎಷ್ಟೇ ಇರಲಿ, ಮನೆಗೆ ಬರುವ ಮುನ್ನ ಒಂದಿಷ್ಟು ಸೋರುತ್ತದೆ. ತಂತಿಯ ಬಿಸಿಗೆ ಹೋದದ್ದು, ಕಳ್ಳತನವಾದದ್ದು, ಬಿಲ್ ಆಗಿಯೂ ವಸೂಲಿಯಾಗದ್ದು ಎಲ್ಲ ಸೇರಿ ಶೇ 16 ಎಂದರೆ 5 ರೂಪಾಯಿಗೆ ಕೊಂಡ ಯೂನಿಟ್ 5.95 ರೂಪಾಯಿ ಆಗುತ್ತದೆ. ಶೇ 26 ಆದರೆ 6.76. ನೇಪಾಳ ಸುಮಾರು ಹತ್ತು ವರ್ಷದ ಹಿಂದೆ ಶೇ 25ರ ಸುತ್ತ ಇದ್ದ ಸೋರಿಕೆಯನ್ನು ಅರ್ಧದ ಆಸುಪಾಸಿಗೆ ಇಳಿಸಿತು. ದಿನಕ್ಕೆ ಹತ್ತಾರು ಗಂಟೆ ಲೋಡ್ ಶೆಡ್ಡಿಂಗ್ ಇದ್ದ ದೇಶದಲ್ಲಿ ಇದು ಹೊಸ ಅಣೆಕಟ್ಟು ಕಟ್ಟಿದಷ್ಟೇ ದೊಡ್ಡ ಕೆಲಸ.

ಬಿಲ್ಲಿನ ರಚನೆಯೂ ದೇಶದಿಂದ ದೇಶಕ್ಕೆ ಬೇರೆ. ನೇಪಾಳದಲ್ಲಿ ಮನೆಯ ಸಂಪರ್ಕವನ್ನು ಅಳೆಯುವುದು ಆಂಪಿಯರ್‌ನಲ್ಲಿ: 5, 15, 30, 60. ಐದು ಆಂಪಿಯರ್‌ನ ಬಡ ಮನೆಗೆ ತಿಂಗಳಿಗೆ 20 ಯೂನಿಟ್‌ವರೆಗೆ ಬಳಕೆ ಶುಲ್ಕವಿಲ್ಲ. ಕರ್ನಾಟಕದಲ್ಲಿ ಅಳೆಯುವುದು ಮಂಜೂರಾದ ಕಿಲೋವ್ಯಾಟ್‌ನಲ್ಲಿ. 2025–26ರ ಆದೇಶದಂತೆ ಗೃಹಬಳಕೆಗೆ ಯೂನಿಟ್‌ಗೆ 5.80 ರೂಪಾಯಿ, ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ. ಗೃಹಜ್ಯೋತಿಯ ಲಾಭವಿಲ್ಲದ, 3 ಕಿಲೋವ್ಯಾಟ್ ಸಂಪರ್ಕದ ಮನೆ 50 ಯೂನಿಟ್ ಬಳಸಿದರೆ 435 ಮತ್ತು 290 ಸೇರಿ 725 ರೂಪಾಯಿ, ಯೂನಿಟ್‌ಗೆ 14.50 ಬಿತ್ತು. ಅದೇ ಮನೆ 300 ಯೂನಿಟ್ ಬಳಸಿದರೆ 2,175, ಯೂನಿಟ್‌ಗೆ 7.25. ತೆರಿಗೆ, ಸರ್‌ಚಾರ್ಜ್ ಬೇರೆ. ಹಾಗಿರುವಾಗ ‘ಭಾರತದಲ್ಲಿ ಯೂನಿಟ್‌ಗೆ ಇಷ್ಟು, ಭೂತಾನಿನಲ್ಲಿ ಇಷ್ಟು’ ಎಂಬ ಒಂದೇ ಸಾಲಿನ ಪಟ್ಟಿಗಳನ್ನು ನಂಬಬಾರದು. ಎಷ್ಟು ಯೂನಿಟ್ ಬಳಕೆಗೆ ಹಾಕಿದ ಲೆಕ್ಕ, ನಿಗದಿತ ಶುಲ್ಕ ಸೇರಿದೆಯೇ, ಉಳಿದದ್ದನ್ನು ಯಾರು ತುಂಬುತ್ತಿದ್ದಾರೆ ಎಂದು ನೋಡಿದರೆ ಮಾತ್ರ ಹೋಲಿಕೆಗೆ ಅರ್ಥ.

ಆ ಕೊನೆಯ ಪ್ರಶ್ನೆಗೆ ಒಂದೊಂದು ದೇಶದ ಉತ್ತರ ಒಂದೊಂದು. ಭೂತಾನಿನಲ್ಲಿ ಸ್ಥಾವರಗಳು ಉತ್ಪಾದನೆಯ ಶೇ 15ರಷ್ಟನ್ನು ರಾಜಧನವಾಗಿ ಸರ್ಕಾರಕ್ಕೆ ಕೊಡುತ್ತವೆ, ಮನೆಗಳ ಅಗ್ಗದ ದರ ನಿಂತಿರುವುದು ಅದರ ಮೇಲೆ. ಅಂದರೆ ರಫ್ತಿನ ಕರೆಂಟ್ ಹುಟ್ಟುವ ನದಿಯೇ ಹಳ್ಳಿಯ ಬಲ್ಬನ್ನೂ ಸಾಕುತ್ತದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳ ಬಿಲ್ಲನ್ನು ರಾಜ್ಯದ ಬೊಕ್ಕಸ ಎಸ್ಕಾಂಗಳಿಗೆ ತುಂಬಿಕೊಡಬೇಕು. ಬಾಂಗ್ಲಾದೇಶದಲ್ಲಿ ಖರೀದಿ ದರಕ್ಕೂ ಮಾರಾಟ ದರಕ್ಕೂ ನಡುವಿನ ಕಂದಕವನ್ನು ಸರ್ಕಾರದ ಬಜೆಟ್ ಮುಚ್ಚುತ್ತದೆ. ಬಜೆಟ್ ಸೋತಾಗ ಸ್ಥಾವರಗಳಿಗೆ ಬಾಕಿ ಬೆಳೆಯುತ್ತದೆ. 2024ರ ನವೆಂಬರ್‌ನಲ್ಲಿ ಗೊಡ್ಡಾದಿಂದ ಬರುವ ಕರೆಂಟ್ ಬಾಕಿ ಹಣದ ಕಾರಣಕ್ಕೆ ಅರ್ಧಕ್ಕಿಳಿದದ್ದು ಹಾಗೆಯೇ.

ಮುಂದಿನ ಹತ್ತು ವರ್ಷದಲ್ಲಿ ಈ ಅಂತರಗಳು ಎತ್ತ ಸರಿಯುತ್ತವೆ ಎಂಬುದನ್ನು ಎರಡು ಕಡೆ ಕಣ್ಣಿಟ್ಟು ನೋಡಬೇಕು. ಒಂದು, 2024ರ ಜನವರಿಯ ಒಪ್ಪಂದದಂತೆ ಭಾರತ ಹತ್ತು ವರ್ಷದಲ್ಲಿ ನೇಪಾಳದಿಂದ 10,000 ಮೆಗಾವ್ಯಾಟ್‌ವರೆಗೆ ಕೊಳ್ಳಲು ಒಪ್ಪಿದೆ. ಅದಕ್ಕೆ ಬುಟವಲ್–ಗೋರಖ್‌ಪುರ 400 ಕೆವಿಯಂಥ ಮಾರ್ಗಗಳು ಸಮಯಕ್ಕೆ ಮುಗಿಯಬೇಕು. ಇನ್ನೊಂದು, ಭಾರತದಲ್ಲಿ ಸೋಲಾರ್ ಜೊತೆಗೆ ಬ್ಯಾಟರಿ ಕಟ್ಟುವ ವೇಗ. ಮಧ್ಯಾಹ್ನದ ಕರೆಂಟನ್ನು ಸಂಜೆಗೆ ಸಾಗಿಸುವ ಬ್ಯಾಟರಿ ಅಗ್ಗವಾದಷ್ಟೂ ಸಂಜೆ 7ರ ದರ ಇಳಿಯುತ್ತದೆ. ಹಾಗಾದಾಗ ಇವತ್ತು ಸಂಜೆಯ ದರವನ್ನೇ ನಂಬಿ ಹಿಮಾಲಯದಲ್ಲಿ ಕಟ್ಟುತ್ತಿರುವ ಸ್ಥಾವರಗಳ ಸಾಲದ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ. ಸ್ವಂತ ಜಲಾಶಯವಿದ್ದು ಜನವರಿಯಲ್ಲೂ ನೀರು ಬಿಡಬಲ್ಲ ಸ್ಥಾವರಕ್ಕೆ ಆ ಅಂಜಿಕೆ ಕಡಿಮೆ, ಏಕೆಂದರೆ ಜುಲೈನ ಕರೆಂಟನ್ನು ಜನವರಿಯ ತನಕ ಕಾದಿಡುವ ಬ್ಯಾಟರಿಯನ್ನು ಯಾರೂ ಕಟ್ಟುತ್ತಿಲ್ಲ.